ನರ್ಸ್ ಇದ್ದಷ್ಟೇ ಹಾಸಿಗೆ: ಆಸ್ಪತ್ರೆಯ ಭರವಸೆಗಳನ್ನು ಹೋಲಿಸಿ ನೋಡುವ ಬಗೆ

ಚುನಾವಣೆ ಬಂತು ಅಂದರೆ ಎಲ್ಲ ಪ್ರಣಾಳಿಕೆಯಲ್ಲೂ ಆಸ್ಪತ್ರೆ ಇದ್ದೇ ಇರುತ್ತದೆ. ಒಬ್ಬರು ಹೊಸ ಕಟ್ಟಡ ಕಟ್ಟಿಸುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಉಚಿತ ಅನ್ನುತ್ತಾರೆ. ಮತ್ತೊಬ್ಬರು ಮನೆಗೊಂದು ವಿಮೆ ಕಾರ್ಡ್ ಅನ್ನುತ್ತಾರೆ. ಓದುತ್ತಾ ಹೋದರೆ ಮೂರೂ ಬೇಕು ಅನಿಸುತ್ತದೆ. ಬೇಡ ಅನ್ನುವಂಥದ್ದು ಅದರಲ್ಲಿ ಏನೂ ಇರುವುದಿಲ್ಲವಲ್ಲ!

ನಾನು ಮಾತ್ರ ಪ್ರತಿ ಭರವಸೆಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಮೂರನೇ ವರ್ಷ ಇದರ ಬಿಲ್ ಯಾರು ಕಟ್ಟುತ್ತಾರೆ? ಮೊದಲ ವರ್ಷದ ದುಡ್ಡು ಹೇಗೋ ಹೊಂದುತ್ತದೆ. ಶಂಕುಸ್ಥಾಪನೆಗೆ, ಉದ್ಘಾಟನೆಗೆ, ಫೋಟೋಗೆ ಯಾವ ಸರ್ಕಾರವೂ ಕೊರತೆ ಮಾಡುವುದಿಲ್ಲ. ಭರವಸೆ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುವುದು ರಿಬ್ಬನ್ ಕತ್ತರಿಸಿದ ಮೇಲೆ.

ಕಟ್ಟಡವೋ, ಸಿಬ್ಬಂದಿಯೋ?

ಒಂದು ಡಯಾಲಿಸಿಸ್ ಯಂತ್ರವನ್ನು ತೆಗೆದುಕೊಳ್ಳಿ. 'ಹತ್ತು ಡಯಾಲಿಸಿಸ್ ಯಂತ್ರ ಕೊಡುತ್ತೇವೆ' ಅನ್ನುವುದು ಕೇಳಲು ಚೆಂದ. ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ಒಬ್ಬರಿಗೆ ವರ್ಷಕ್ಕೆ 156 ಸಲ. ಯಂತ್ರವನ್ನು ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಆರು ದಿನ ಓಡಿಸಿದರೆ ಒಂದರಲ್ಲಿ ಆರು ಜನರನ್ನು ನೋಡಿಕೊಳ್ಳಬಹುದು. ಹತ್ತು ಯಂತ್ರಕ್ಕೆ 60 ಜನ. ವರ್ಷಕ್ಕೆ 9,360 ಸಲ.

ಪ್ರತಿ ಸಲಕ್ಕೂ ಫಿಲ್ಟರ್ ಬೇಕು, ರಕ್ತ ಹರಿಯುವ ಟ್ಯೂಬ್ ಬೇಕು, ಸೂಜಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೇಕು. ನೀರು ಬೇಕು. ನಿಮಿಷಕ್ಕೆ ಅರ್ಧ ಲೀಟರ್‌ನಂತೆ ನಾಲ್ಕು ಗಂಟೆಗೆ 120 ಲೀಟರ್. ಅದೂ ನಲ್ಲಿ ನೀರಲ್ಲ, ವಿಶೇಷವಾಗಿ ಶುದ್ಧ ಮಾಡಿದ ನೀರು. ಆ ಶುದ್ಧೀಕರಣ ಘಟಕಕ್ಕೆ ಕರೆಂಟು, ನಿರ್ವಹಣೆ, ಕಾಲಕಾಲಕ್ಕೆ ನೀರಿನ ಪರೀಕ್ಷೆ. ಯಂತ್ರದ ಪಕ್ಕ ತರಬೇತಿ ಪಡೆದ ಟೆಕ್ನೀಶಿಯನ್. ಇದ್ಯಾವುದೂ ಒಂದು ಸಲಕ್ಕೆ ಮುಗಿಯುವ ಖರ್ಚಲ್ಲ. ಕಸಿ ಆಗುವವರೆಗೆ, ಇಲ್ಲವೇ ಬದುಕಿರುವವರೆಗೆ ಆ 60 ಜನ ವಾರಕ್ಕೆ ಮೂರು ಸಲ ಬರಲೇಬೇಕು. ಬಜೆಟ್ ಈ ತಿಂಗಳು ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಅನ್ನುವ ಹಾಗಿಲ್ಲ.

ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಮೂಲೆಯಲ್ಲಿ ನಿಂತ ಇಂಥ ಯಂತ್ರವನ್ನು ನಾನೇ ನೋಡಿದ್ದೇನೆ. ಯಾಕೆ ಅಂತ ಕೇಳಿದ್ದಕ್ಕೆ, 'ಯಂತ್ರ ಬಂತು, ನಡೆಸುವವರು ಬರಲಿಲ್ಲ' ಎಂಬ ಉತ್ತರ ಸಿಕ್ಕಿತು.

ನರ್ಸ್‌ಗಳ ಲೆಕ್ಕವೂ ಹೀಗೆಯೇ. ಐಸಿಯುನಲ್ಲಿ ನರ್ಸ್ ಕೂರುವ ಒಂದು ಕುರ್ಚಿ ಒಂದು ಗಂಟೆಯೂ ಖಾಲಿ ಇರಬಾರದು ಅಂದುಕೊಳ್ಳಿ. ವರ್ಷಕ್ಕೆ 8,760 ಗಂಟೆ. ಒಬ್ಬ ನರ್ಸ್ ದಿನಕ್ಕೆ ಎಂಟು ಗಂಟೆ, ವಾರದ ರಜೆ, ಕಾಯಿಲೆ ರಜೆ, ಹಬ್ಬದ ರಜೆ ಎಲ್ಲ ಕಳೆದು 220 ದಿನ ಕೆಲಸ ಮಾಡಿದರೆ 1,760 ಗಂಟೆ. ಭಾಗಿಸಿ ನೋಡಿ. ಒಂದು ಕುರ್ಚಿಗೆ ಐದು ಜನ! 'ನೂರು ಹಾಸಿಗೆ ಹೆಚ್ಚಿಸುತ್ತೇವೆ' ಅಂದವರು ಈ ಐದರ ಲೆಕ್ಕವನ್ನು ಎಲ್ಲಾದರೂ ಬರೆದಿದ್ದಾರಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಇದ್ದಷ್ಟೇ ಹಾಸಿಗೆ.

ಕಟ್ಟಡದ ಭರವಸೆಯಲ್ಲಿ ಇನ್ನೊಂದು ತೊಡಕಿದೆ. 'ಆಸ್ಪತ್ರೆ' ಅಂದರೆ ಏನು ಅನ್ನುವುದೇ ಜಾರಿಕೊಳ್ಳುತ್ತದೆ. 2019ರಲ್ಲಿ ಇಂಗ್ಲೆಂಡಿನಲ್ಲಿ ಬೋರಿಸ್ ಜಾನ್ಸನ್ ಅವರ ಪಕ್ಷ 40 ಹೊಸ ಆಸ್ಪತ್ರೆಗಳ ಮಾತಾಡಿತು. ಗಡುವು 2030. ಆಮೇಲೆ ನೋಡಿದರೆ, ಇರುವ ಆಸ್ಪತ್ರೆಗೆ ಸೇರಿಸಿದ ದೊಡ್ಡ ಹೊಸ ವಿಭಾಗವೂ 'ಹೊಸ ಆಸ್ಪತ್ರೆ'. ಹಳೆಯದನ್ನು ದೊಡ್ಡ ಮಟ್ಟದಲ್ಲಿ ರಿಪೇರಿ ಮಾಡಿದರೂ ಅದೇ ಲೆಕ್ಕಕ್ಕೆ. ಮೊದಲು ಹಾಕಿಕೊಂಡ ಆ ಲೆಕ್ಕದ ಪ್ರಕಾರವೇ 2030ರೊಳಗೆ 40 ಆಗುವುದಿಲ್ಲ ಎಂದು 2023ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು. 2025ರ ಜನವರಿಯಲ್ಲಿ ಮುಂದಿನ ಸರ್ಕಾರ ಕೆಲವು ಕಾಮಗಾರಿಗಳ ಆರಂಭವನ್ನೇ 2030ರ ದಶಕದ ಕೊನೆಗೆ ತಳ್ಳಿತು. ಅಷ್ಟು ಹೊತ್ತಿಗೆ ಮಾತು ಕೊಟ್ಟವರು ಕುರ್ಚಿಯಿಂದ ಇಳಿದು ಎಷ್ಟೋ ಕಾಲವಾಗಿತ್ತು.

ಹಾಗಾಗಿ ಒಂದು ಪಕ್ಷ ಹೊಸ ಆಸ್ಪತ್ರೆ ಅಂದು, ಇನ್ನೊಂದು ಪಕ್ಷ ಖಾಲಿ ಹುದ್ದೆ ತುಂಬುತ್ತೇವೆ ಅಂದರೆ ನಾನು ಎರಡನೆಯದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಅದೇನು ಅಗ್ಗ ಅಂತಲ್ಲ. ಅದು ದುಬಾರಿ, ವರ್ಷ ವರ್ಷವೂ ದುಬಾರಿ. ಸಂಬಳದ ಖರ್ಚನ್ನು ಬಾಯಿಬಿಟ್ಟು ಒಪ್ಪಿಕೊಂಡವರು ಹೋಂವರ್ಕ್ ಆದರೂ ಮಾಡಿದ್ದಾರೆ. ಆಸ್ಪತ್ರೆಯೇ ಇಲ್ಲದ ಕಡೆ ಮಾತು ಬೇರೆ. ಅಲ್ಲಿ ಮೊದಲು ಗೋಡೆ ಏಳಲೇಬೇಕು.

ಎಲ್ಲ ಉಚಿತವೋ, ಕೈಯಲ್ಲಿ ಕಾರ್ಡೋ?

'ಉಚಿತ' ಅಂದಾಗ ಒಂದು ಆದಾಯ ನಿಲ್ಲುತ್ತದೆ, ಅದೇ ಹೊತ್ತಿಗೆ ಬರುವ ಜನ ಜಾಸ್ತಿ ಆಗುತ್ತಾರೆ. ಎರಡೂ ಒಟ್ಟಿಗೆ. ಇದಕ್ಕೆ ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಉಗಾಂಡಾ ನೋಡಿದರೆ ಗೊತ್ತಾಗುತ್ತದೆ. 2001ರ ಮಾರ್ಚ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಯ ಹೊಸ್ತಿಲಲ್ಲಿ, ಸರ್ಕಾರಿ ಆಸ್ಪತ್ರೆಗಳ ಶುಲ್ಕ ರದ್ದಾಯಿತು. ಬಡವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಅದು ದೊಡ್ಡ ಲಾಭವೇ, ಸಂಶಯ ಬೇಡ. ಆದರೆ ಔಷಧಿ ಮತ್ತೆ ಮತ್ತೆ ಖಾಲಿಯಾಯಿತು. ಚೀಟಿ ಬರೆದುಕೊಟ್ಟು ಹೊರಗೆ ತಗೊಳ್ಳಿ ಅಂದಾಗ ಜನ ಖಾಸಗಿ ಅಂಗಡಿಗೆ ಹೋದರು. ಆಸ್ಪತ್ರೆಯ ಕಿಟಕಿಯಲ್ಲಿ ಉಳಿದ ದುಡ್ಡು ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಿತ್ತು. ಚಿಕಿತ್ಸೆಯ ಖರ್ಚಿನಿಂದ ಮುಳುಗಿಹೋಗುವ ಬಡ ಕುಟುಂಬಗಳ ಪ್ರಮಾಣ ನಿರೀಕ್ಷಿಸಿದ ಹಾಗೆ ಇಳಿಯಲಿಲ್ಲ.

ಶ್ರೀಮಂತ ದೇಶಕ್ಕೂ ಇದೇ ಪಾಠ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಕನ್ನಡಕ, ಕಟ್ಟಿಸಿದ ಹಲ್ಲು ಕೂಡ ಉಚಿತ. ವರ್ಷಗಟ್ಟಲೆ ಮಸುಕುಗಣ್ಣಿನಲ್ಲೇ ಬದುಕಿದ್ದ ಜನ ಸಾಲುಗಟ್ಟಿ ನಿಂತರು. ಅಂದಾಜು ಮೀರಿತು. 1951ರಲ್ಲಿ, ಕೊರಿಯಾ ಯುದ್ಧದ ಕಾಲದ ಸೇನಾ ಖರ್ಚು ಏರಿದಾಗ, ಹಲ್ಲಿನ ಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಸರ್ಕಾರ ಹೊರಟಿತು. ಆ ಸೇವೆಯನ್ನು ಕಟ್ಟಿ ನಿಲ್ಲಿಸಿದ್ದ ಅನ್ಯೂರಿನ್ ಬೆವನ್ ಅದನ್ನು ಒಪ್ಪದೆ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮರು ವರ್ಷ ಔಷಧಿ ಚೀಟಿಗೂ ಒಂದು ಶಿಲ್ಲಿಂಗ್ ಬಂತು. ಇಂಗ್ಲೆಂಡಿನಲ್ಲಿ ಆ ಶುಲ್ಕ ಈಗಲೂ ಇದೆ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳು ತೆಗೆದುಹಾಕಿವೆ. 'ಉಚಿತ' ಎಂಬುದರ ಗಡಿ ಎಲ್ಲಿ ಅನ್ನುವುದು ಪ್ರತಿ ಬಜೆಟ್‌ನಲ್ಲೂ ಹೊಸದಾಗಿ ನಡೆಯುವ ಜಗಳ.

ಇನ್ನು ಕಾರ್ಡ್. ಕಾರ್ಡ್ ಕೊಡುವುದು ಸುಲಭ, ಅದನ್ನು ಆಸ್ಪತ್ರೆ ಒಪ್ಪಿಕೊಳ್ಳುವುದು ಕಷ್ಟ. ಸರ್ಕಾರ ಬಾಕಿ ಉಳಿಸಿಕೊಂಡರೆ, ಇಲ್ಲವೇ ಒಂದು ಆಪರೇಷನ್‌ಗೆ ಕಟ್ಟಿದ ದರ ತೀರಾ ಕಡಿಮೆ ಇದ್ದರೆ ಆಸ್ಪತ್ರೆಯವರು 'ಇವತ್ತು ಬೆಡ್ ಇಲ್ಲ' ಅನ್ನುತ್ತಾರೆ. ಕಾರ್ಡ್ ಜೇಬಿನಲ್ಲೇ ಉಳಿಯುತ್ತದೆ. ಭರವಸೆ ಓದುವಾಗ ಎರಡು ವಿಷಯ ಹುಡುಕಿ. ಒಂದು, ಅಡ್ಮಿಟ್ ಆದರೆ ಮಾತ್ರ ಸಿಗುತ್ತದಾ, ಹೊರರೋಗಿ ವಿಭಾಗಕ್ಕೂ ಔಷಧಿಗೂ ಸಿಗುತ್ತದಾ? ಬಿಪಿ, ಶುಗರ್ ಇರುವವರ ಜೇಬು ತೂತಾಗುವುದು ಪ್ರತಿ ತಿಂಗಳ ಮಾತ್ರೆಯಲ್ಲಿ. ಇನ್ನೊಂದು, ಆಸ್ಪತ್ರೆಗೆ ದುಡ್ಡು ಯಾವ ಲೆಕ್ಕದಲ್ಲಿ ಹೋಗುತ್ತದೆ? ಮಾಡಿದ ಪ್ರತಿ ಪರೀಕ್ಷೆಗೆ, ಪ್ರತಿ ಆಪರೇಷನ್‌ಗೆ ಬಿಲ್ ಅಂದರೆ ಪರೀಕ್ಷೆಗಳು ಬೆಳೆಯುತ್ತವೆ. ತಲೆಗಿಷ್ಟು ಅಂತ ಮೊದಲೇ ಕೊಟ್ಟರೆ ಖರ್ಚು ಹದ್ದಿನಲ್ಲಿರುತ್ತದೆ, ಆದರೆ ಕಾಯಿಲೆ ಜಾಸ್ತಿ ಇದ್ದವರನ್ನು ಸುಮ್ನೆ ಸಾಗಹಾಕುವ ಭಯ ಇರುತ್ತದೆ.

ಉಚಿತ, ಕಾರ್ಡ್ ಈ ಎರಡರ ನಡುವೆ ಒಂದು ದಾರಿ ಹಿಡಿದದ್ದು ಥಾಯ್ಲೆಂಡ್. 2001ರ ಚುನಾವಣೆಯಲ್ಲಿ ಥಕ್ಸಿನ್ ಶಿನವತ್ರ ಅವರ ಪಕ್ಷದ ಘೋಷಣೆ: 30 ಬಾತ್ ಕೊಟ್ಟರೆ ಎಲ್ಲ ಕಾಯಿಲೆಗೂ ಚಿಕಿತ್ಸೆ. ಮೇಲ್ನೋಟಕ್ಕೆ ಮೂಗಿಗೆ ತುಪ್ಪ ಸವರುವ ಮಾತು. ಆದರೆ ಹಿಂದೆ ಕೆಲಸ ನಡೆದಿತ್ತು. ಹಳ್ಳಿಗಾಡಿನ ಜಿಲ್ಲೆಗಳಲ್ಲಿ ದಶಕಗಳಿಂದ ಆಸ್ಪತ್ರೆ ಕಟ್ಟಿದ್ದರು. ಓದು ಮುಗಿಸಿದ ವೈದ್ಯರು ಹಳ್ಳಿಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮ ಇತ್ತು. ಸಂಗುವಾನ್ ನಿತಯಾರುಂಫೋಂಗ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ತಲೆಗೆಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿ ಇಟ್ಟಿದ್ದರು. ಮೊದಲು ಆರು ಪ್ರಾಂತ್ಯಗಳಲ್ಲಿ ನೋಡಿ, 2002ರ ಹೊತ್ತಿಗೆ ದೇಶಕ್ಕೆಲ್ಲ ಹರಡಿದರು. ಆ ವರ್ಷ ಒಬ್ಬರಿಗೆ 1,202 ಬಾತ್ ಎಂದು ನಿಗದಿಯಾಯಿತು. ದುಡ್ಡು ಬಂದದ್ದು ಸಾಮಾನ್ಯ ತೆರಿಗೆಯಿಂದ. ಆ 30 ಬಾತ್‌ನಿಂದ ಖರ್ಚು ಹುಟ್ಟುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. 2006ರ ಕೊನೆಯಲ್ಲಿ ಅದನ್ನೂ ತೆಗೆದಾಗ ಯೋಜನೆ ನಿಲ್ಲಲಿಲ್ಲ. ತೊಂದರೆ ಇರಲಿಲ್ಲ ಅಂತಲ್ಲ. ಎಷ್ಟೋ ಆಸ್ಪತ್ರೆಗಳು ಕೊಟ್ಟ ದುಡ್ಡು ಸಾಲದೆಂದು ಒದ್ದಾಡಿದವು. ಸರ್ಕಾರಗಳು ಬಿದ್ದವು, ಎರಡು ಸಲ ಸೇನೆ ಅಧಿಕಾರ ಹಿಡಿಯಿತು. ಯೋಜನೆ ಉಳಿಯಿತು.

ಉಗಾಂಡಾಕ್ಕೂ ಥಾಯ್ಲೆಂಡಿಗೂ ಘೋಷಣೆಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ವರ್ಷವೂ ಒಂದೇ. ಘೋಷಣೆಯ ಹಿಂದಿನ ದಿನ ಯಾರ ಕೈಯಲ್ಲಿ ತಲೆವಾರು ಲೆಕ್ಕ ಇತ್ತು, ಯಾರಲ್ಲಿ ಇರಲಿಲ್ಲ ಅನ್ನುವುದೇ ವ್ಯತ್ಯಾಸ.

ದುಡ್ಡು ಎಲ್ಲಿಂದ?

ಭರವಸೆಯ ಪುಟದಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಪುಟವನ್ನು ಪಕ್ಕಕ್ಕಿಡಿ. ಉತ್ತರ ಇದ್ದರೆ ಅದು ಸಾಮಾನ್ಯವಾಗಿ ಈ ಐದರಲ್ಲಿ ಒಂದಾಗಿರುತ್ತದೆ.

ಮೊದಲನೆಯದು ಸಾಮಾನ್ಯ ತೆರಿಗೆ. ನೇರ ದಾರಿ, ಎಲ್ಲರಿಂದ ಬರುತ್ತದೆ. ಇದನ್ನು ಹೇಳಲು ಧೈರ್ಯ ಬೇಕು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಪೀಟರ್ ಶಮ್ಲಿನ್ 2010ರಲ್ಲಿ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಆಗಿ ಗೆದ್ದದ್ದು ಎಲ್ಲರಿಗೂ ಸರ್ಕಾರವೇ ಆರೋಗ್ಯದ ಖರ್ಚು ಕೊಡುವ ವ್ಯವಸ್ಥೆ ತರುತ್ತೇನೆಂದು. 2011ರಲ್ಲಿ ಕಾಯ್ದೆಯೂ ಆಯಿತು. ದುಡ್ಡಿನ ಯೋಜನೆ 2013ರ ಜನವರಿಯೊಳಗೆ ಬರಬೇಕಿತ್ತು, ಬರಲಿಲ್ಲ. ನವೆಂಬರ್ 2014ರ ಚುನಾವಣೆ ಮುಗಿಯಿತು. ಮುಂದಿನ ತಿಂಗಳು ಲೆಕ್ಕ ಹೊರಬಂತು. ಸಂಬಳದ ಮೇಲೆ ಮಾಲೀಕರು 11.5% ತೆರಿಗೆ ಕಟ್ಟಬೇಕು, ಜನ ತಮ್ಮ ಆದಾಯದಲ್ಲಿ 9.5%ವರೆಗೂ ಕೊಡಬೇಕು. ಜನ ಈಗಾಗಲೇ ಕಟ್ಟುತ್ತಿದ್ದ ವಿಮೆ ಕಂತು ಉಳಿಯುತ್ತಿತ್ತು ನಿಜ. ಆದರೂ ಶಮ್ಲಿನ್ ಅವರೇ ಯೋಜನೆ ಕೈಬಿಟ್ಟರು. ಯೋಜನೆ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ಆ ಎರಡು ಅಂಕಿ ಮತ ಹಾಕುವ ಮೊದಲೇ ಜನರ ಕೈಗೆ ಬರಬೇಕಿತ್ತು, ಅಲ್ವಾ?

ಎರಡನೆಯದು ಸಂಬಳದಿಂದ ಕಡಿತ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಿಂದ, ಅಂದರೆ 1883ರಿಂದ ಇದೆ. ದಕ್ಷಿಣ ಕೊರಿಯಾ 1977ರಲ್ಲಿ 500ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳಿಂದ ಶುರು ಮಾಡಿ 1989ರಲ್ಲಿ ಎಲ್ಲರನ್ನೂ ಒಳಗೆ ತಂದಿತು. 12 ವರ್ಷ, ಅದೂ ಆರ್ಥಿಕತೆ ನಾಗಾಲೋಟದಲ್ಲಿದ್ದಾಗ. ಸಂಬಳದ ಚೀಟಿ ಇಲ್ಲದ ರೈತರು, ದಿನಗೂಲಿಯವರು ಜಾಸ್ತಿ ಇರುವಲ್ಲಿ ಕಡಿತ ಮಾಡುವುದು ಯಾರಿಂದ? ಐದು ವರ್ಷದಲ್ಲಿ ಎಲ್ಲರಿಗೂ ಅಂದರೆ ನಾನು ನಂಬುವುದಿಲ್ಲ.

ಮೂರನೆಯದು ಮೀಸಲು ತೆರಿಗೆ. ಸಿಗರೇಟು, ಮದ್ಯದ ಮೇಲೆ ತೆರಿಗೆ ಹಾಕಿ ಆರೋಗ್ಯಕ್ಕೆ ಕೊಡುವುದು. ಫಿಲಿಪ್ಪೀನ್ಸ್ 2012ರ ಕಾಯ್ದೆಯಿಂದ ಇದನ್ನು ಚೆನ್ನಾಗಿಯೇ ಮಾಡಿತು. ಆದರೆ ಮೀಸಲು ಅಂದ ಮಾತ್ರಕ್ಕೆ ಭದ್ರ ಅಲ್ಲ. ಘಾನಾದಲ್ಲಿ ಜನ ಆಸ್ಪತ್ರೆ ಬಾಗಿಲಲ್ಲೇ ನಗದು ಕಟ್ಟಬೇಕಾದ ಪದ್ಧತಿಯನ್ನು ತೆಗೆಯುತ್ತೇವೆಂದು 2000ದ ಚುನಾವಣೆಯಲ್ಲಿ ಮಾತು ಕೊಟ್ಟವರು ಗೆದ್ದು, 2003ರಲ್ಲಿ ವಿಮೆ ತಂದರು. ಅದಕ್ಕಾಗಿ ಸರಕು, ಸೇವೆಗಳ ಮೇಲೆ 2.5% ಪ್ರತ್ಯೇಕ ತೆರಿಗೆ. ಬಿಲ್ ಕೊಟ್ಟ ಆಸ್ಪತ್ರೆಗಳಿಗೆ ತಿಂಗಳುಗಟ್ಟಲೆ ಬಾಕಿ ನಿಲ್ಲತೊಡಗಿತು. 2017ರಲ್ಲಿ ಬೇರೊಂದು ಕಾಯ್ದೆ ಬಂದು ಇಂಥ ಮೀಸಲು ನಿಧಿಗಳಿಗೆಲ್ಲ ಮಿತಿ ಹಾಕಿತು. ಜನ ಆರೋಗ್ಯದ ಹೆಸರಲ್ಲಿ ಕಟ್ಟಿದ್ದು ಪೂರ್ತಿ ಆರೋಗ್ಯಕ್ಕೆ ಹೋಗಲಿಲ್ಲ. ಆ ಮಿತಿ ತೆಗೆಯುವ ಮಾತು ಬಂದದ್ದು 2025ರ ಬಜೆಟ್‌ನಲ್ಲಿ.

ನಾಲ್ಕನೆಯದು ನನಗೆ ಕೇಳಿ ಕೇಳಿ ಸಾಕಾಗಿರುವುದು: ಸೋರಿಕೆ ತಡೆದು ಉಳಿಸುತ್ತೇವೆ. ಸೋರಿಕೆ ಇಲ್ಲ ಅಂತಲ್ಲ. ಆರೋಗ್ಯದ ಖರ್ಚಿನಲ್ಲಿ 20ರಿಂದ 40% ವ್ಯರ್ಥವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2010ರಲ್ಲಿ ಅಂದಾಜು ಮಾಡಿತ್ತು. ಆದರೆ ಸೋರಿಕೆ ತಡೆಯಲು ಮೊದಲು ಖರ್ಚು ಮಾಡಬೇಕು. ದಾಸ್ತಾನಿನ ಕಂಪ್ಯೂಟರ್ ವ್ಯವಸ್ಥೆ, ಲೆಕ್ಕ ನೋಡುವ ಜನ, ಔಷಧಿ ಖರೀದಿಯ ಹೊಸ ಪದ್ಧತಿ. ಉಳಿತಾಯ ಆಮೇಲೆ, ನಿಧಾನವಾಗಿ. ಮೊದಲ ವರ್ಷದ ಸಂಬಳಕ್ಕೆ ಅದನ್ನು ಲೆಕ್ಕ ಹಿಡಿದರೆ ಕನ್ನಡಿಯೊಳಗಿನ ಗಂಟು.

ಐದನೆಯದು, ಅರ್ಧ ಮೇಲಿನ ಸರ್ಕಾರ ಕೊಡುತ್ತದೆ ಅನ್ನುವುದು. ಕೆನಡಾದಲ್ಲಿ 1957ರ ಆಸ್ಪತ್ರೆ ವಿಮೆ ಕಾಯ್ದೆಯಡಿ ಕೇಂದ್ರ ಸುಮಾರು ಅರ್ಧ ಖರ್ಚು ಕೊಡುತ್ತಿತ್ತು. ಆ ನಂಬಿಕೆಯಲ್ಲೇ ಪ್ರಾಂತ್ಯಗಳು ಸೇರಿಕೊಂಡವು. 1977ರಲ್ಲಿ ಕೇಂದ್ರ ಸೂತ್ರ ಬದಲಿಸಿತು. ಖರ್ಚಿನ ಅರ್ಧ ಅನ್ನುವುದು ಹೋಗಿ ನಿಗದಿತ ಅನುದಾನ ಬಂತು. 1990ರ ದಶಕದಲ್ಲಿ ಅದಕ್ಕೂ ಕತ್ತರಿ. ಕಾಯಿಲೆ ಪ್ರಾಂತ್ಯಗಳಲ್ಲೇ ಉಳಿಯಿತು.

ಅಂಕಿಗಳನ್ನು ಓದುವಾಗ

ಎರಡು ಪಕ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು ಒಂದೇ ಅಳತೆಗೆ ತನ್ನಿ.

ಈ ವರ್ಷ 100 ಕೋಟಿ, ಮುಂದಿನ ವರ್ಷ 200, ಅದರ ಮುಂದಿನ ವರ್ಷ 300 ಕೋಟಿ ಜಾಸ್ತಿ ಅಂದುಕೊಳ್ಳಿ. ಎಲ್ಲ ಇವತ್ತಿನ ಮಟ್ಟಕ್ಕೆ ಹೋಲಿಸಿದ ಲೆಕ್ಕ. ಮೂರನೇ ವರ್ಷದ ಬಜೆಟ್ ಇವತ್ತಿಗಿಂತ 300 ಕೋಟಿ ದೊಡ್ಡದು, ಅಷ್ಟೇ. ಭಾಷಣದಲ್ಲಿ ಮೂರನ್ನೂ ಕೂಡಿಸಿ '600 ಕೋಟಿ ಹೆಚ್ಚಳ' ಅನ್ನಬಹುದು. 1998ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಆರೋಗ್ಯ ಸೇವೆಗೆ ಮೂರು ವರ್ಷದಲ್ಲಿ 2,100 ಕೋಟಿ ಪೌಂಡ್ ಜಾಸ್ತಿ ಎಂದು ಘೋಷಿಸಿದ್ದು ಇದೇ ರೀತಿ ಕೂಡಿಸಿದ ಅಂಕಿ. ಒಂದೇ ದುಡ್ಡನ್ನು ಮೂರು ಸಲ ಎಣಿಸಿದ್ದಾರೆ ಎಂದು ಟೀಕೆ ಬಂತು.

ಬೆಲೆ ಏರಿಕೆಯನ್ನೂ ಕಳೆಯಿರಿ. 100 ಇದ್ದದ್ದನ್ನು ಐದು ವರ್ಷದಲ್ಲಿ 115 ಮಾಡುತ್ತೇವೆ ಅಂದರೆ ಹೆಚ್ಚಳದಂತೆ ಕಾಣುತ್ತದೆ. ಬೆಲೆ ವರ್ಷಕ್ಕೆ 4% ಏರಿದರೆ, ಇದ್ದಲ್ಲೇ ಇರಲು ಸುಮಾರು 122 ಬೇಕು. ಅಂದರೆ ಅವರು ಕಡಿತದ ಭರವಸೆ ಕೊಡುತ್ತಿದ್ದಾರೆ!

ಬರುವುದನ್ನು ಮುಚ್ಚಿಟ್ಟು ಹೋಗುವುದನ್ನಷ್ಟೇ ತೋರಿಸುವುದು ಇನ್ನೊಂದು ಚಾಳಿ. 2016ರಲ್ಲಿ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂಬ ಮತದಾನದ ಮೊದಲು ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಎಂದು ಬರೆಸಿದ್ದರು. ಯುರೋಪಿಗೆ ಕಳಿಸುವ ಈ ದುಡ್ಡನ್ನು ಆರೋಗ್ಯ ಸೇವೆಗೆ ಕೊಡೋಣ ಎಂದು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಆ ಅಂಕಿಯಿಂದ ಕಳೆದಿರಲೇ ಇಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರ ಇದು ದಾರಿ ತಪ್ಪಿಸುತ್ತದೆ ಅಂದರೂ ಬಸ್ಸು ಓಡಾಡುತ್ತಲೇ ಇತ್ತು.

ಶೇಕಡಾವಾರು ಭರವಸೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2001ರ ಏಪ್ರಿಲ್‌ನಲ್ಲಿ ಆಫ್ರಿಕಾದ ದೇಶಗಳ ನಾಯಕರು ಅಬುಜಾದಲ್ಲಿ ಸೇರಿ ಬಜೆಟ್‌ನ 15% ಆರೋಗ್ಯಕ್ಕೆ ಅಂದರು. ಎರಡು ದಶಕ ಕಳೆದರೂ ಹೆಚ್ಚಿನ ದೇಶಗಳು ಆ ಗೆರೆ ಮುಟ್ಟಿಲ್ಲ. ಶೇಕಡಾ ಎಷ್ಟು ಅನ್ನುವುದರ ಜೊತೆ ಯಾವ ವರ್ಷಕ್ಕೆ ಎಷ್ಟು ಎಂಬ ಮೆಟ್ಟಿಲು ಇಲ್ಲದಿದ್ದರೆ ಅದು ಬರೀ ಆಸೆ.

ಹಾಗಾದರೆ ಯಾವುದನ್ನು ಆರಿಸುವುದು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆಸ್ಪತ್ರೆ ಇದೆ, ಡಾಕ್ಟರ್ ನರ್ಸ್ ಇಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಹುದ್ದೆಯ ಭರವಸೆ ನೋಡಿ. ಕಾಯಂ ಹುದ್ದೆಯಾ, ಗುತ್ತಿಗೆಯಾ ಅಂತಲೂ ಓದಿ. ಖಾಸಗಿ ಹಾಸಿಗೆ ಧಾರಾಳವಾಗಿದ್ದು ಸರ್ಕಾರಿ ಹಾಸಿಗೆ ಸಾಲದ ಕಡೆ ಕಾರ್ಡ್ ಬೇಗ ಕೆಲಸಕ್ಕೆ ಬರುತ್ತದೆ, ಬಿಲ್ ಎಷ್ಟು ದಿನದಲ್ಲಿ ಪಾವತಿ ಎಂದು ಬರೆದಿದ್ದರೆ ಮಾತ್ರ. ಖಾಸಗಿ ಆಸ್ಪತ್ರೆಯೇ ಇಲ್ಲದ ಕಡೆ ಕಾರ್ಡ್ ಹಿಡಿದು ಹೋಗುವುದಾದರೂ ಎಲ್ಲಿಗೆ? ಜನ ಶುಲ್ಕಕ್ಕೆ ಹೆದರಿ ಬರುವುದನ್ನೇ ನಿಲ್ಲಿಸಿದ್ದರೆ 'ಉಚಿತ' ಸರಿಯಾದ ಮದ್ದು, ಜೊತೆಗೆ ಔಷಧಿ ಬಜೆಟ್ ಎಷ್ಟು ಪಟ್ಟು ಏರಿಸುತ್ತಾರೆ ಎಂದಿರಬೇಕು.

ಎರಡು ಭರವಸೆಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದರೆ ನಾನು ಪ್ರಣಾಳಿಕೆ ಮುಚ್ಚಿಟ್ಟು ಹಳೆಯ ಬಜೆಟ್ ಪುಸ್ತಕ ತೆಗೆಯುತ್ತೇನೆ. ಆರೋಗ್ಯ ಇಲಾಖೆಯ ಪುಟದಲ್ಲಿ ವರ್ಷದ ಶುರುವಿಗೆ ಕೊಡುತ್ತೇವೆ ಅಂದದ್ದು ಒಂದು ಕಡೆ, ವರ್ಷ ಮುಗಿದ ಮೇಲೆ ನಿಜವಾಗಿ ಖರ್ಚಾದದ್ದು ಇನ್ನೊಂದು ಕಡೆ ಸಿಗುತ್ತದೆ. ಅಧಿಕಾರದಲ್ಲಿ ಇದ್ದಾಗ 100 ಅಂದು 80 ಖರ್ಚು ಮಾಡಿದವರು ಈಗ 150 ಅಂದರೆ, ನಾನದನ್ನು 120 ಎಂದು ಓದಿಕೊಳ್ಳುತ್ತೇನೆ. ಎಂದೂ ಅಧಿಕಾರಕ್ಕೆ ಬರದವರಿಗೆ ಈ ಪರೀಕ್ಷೆ ಇಲ್ಲ. ಅವರನ್ನು ಆ ಐದು ನರ್ಸ್‌ಗಳ ಲೆಕ್ಕ ಕೇಳಿ.